ಪರಂಗಿ ಎಲೆಯ ಅಡಿಯಲ್ಲಿ

ಬೆಳಿಗ್ಗೆ ಮಂಡ್ಯದಲ್ಲಿ, ಚಿಕ್ಕಪ್ಪನ ತೋಟದಲ್ಲಿ ಸುಮ್ನೆ ಒಂದು ಪರಂಗಿ ಎಲೆ ಮಗುಚಿ ನೋಡಿದೆ. ಗಿಡದ ರಸ ಹೀರೋ ಬಿಳೀ ಹಿಟ್ಟು ತಿಗಣೆಗಳ ನಡುವೆ ಕೆಲವು ಕಂದು ಬಣ್ಣಕ್ಕೆ ತಿರುಗಿ, ಊದಿಕೊಂಡು ಗಟ್ಟಿಯಾಗಿದ್ದವು. ಒಂದರ ಬೆನ್ನಲ್ಲಿ ಸೂಜಿ ಚುಚ್ಚಿದಂಥ ದುಂಡನೆ ತೂತು. ಒಳಗೆ ಪೂರ್ತಿ ಖಾಲಿ.

ಕಣಜದ ಹುಳುವಿನ ಕೆಲಸ! ತಿಗಣೆಯೊಳಗೇ ಮೊಟ್ಟೆ ಇಡುತ್ತೆ. ಮರಿ ಒಳಗಿಂದಲೇ ತಿಂದು ಮುಗಿಸಿ, ತೂತು ಕೊರೆದು ಹೊರಬರುತ್ತೆ. (ಪಾಪ ಅಂತ ಏನೂ ಅನ್ನಿಸಲಿಲ್ಲ ನಂಗೆ.)

ಈ ತಿಗಣೆ ಮೆಕ್ಸಿಕೋ ಕಡೆಯದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಆಮೇಲೆ ನಮ್ಮ ರೇಷ್ಮೆ ಸೊಪ್ಪಿಗೂ ಅಂಟಿತು. ಅದನ್ನು ಹತೋಟಿಗೆ ತರೋಕೆ 2010ರಲ್ಲಿ ಪೋರ್ಟೊ ರಿಕೋದಿಂದ ಅಸಿರೋಫೇಗಸ್ ಪಪಾಯೆ ಅನ್ನೋ ಕಣಜವನ್ನು ತರಿಸಿ ಬಿಟ್ಟರು.

ಅಷ್ಟರಲ್ಲಿ ಚಿಕ್ಕಪ್ಪ ಔಷಧಿ ಡಬ್ಬ ಹಿಡಿದು ಬಂದರು.

"ಇದನ್ನ ಹೊಡೆದ್ರೆ ಕಣಜಾನೂ ಸಾಯುತ್ತೆ ಚಿಕ್ಕಪ್ಪ."

"ಹಂಗಾದ್ರೆ ಒಂದು ವಾರ ನೋಡಣ ಬುಡು."