ಕ್ರಾಶೆಯೂಫ್‌ಗೆ ಹೋದರೆ ಮೊದಲು ಮೂಳೆ ನೋಡಿ, ಬೊಂಬೆ ಆಮೇಲೆ

ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ ಕೆಲಸಕ್ಕಿರುವ ನಮ್ಮ ಕನ್ನಡದವರಿಗೆ ಒಂದು ದಿನದ ಪ್ರವಾಸಕ್ಕೆ ಕ್ರಾಶೆಯೂಫ್ ಒಳ್ಳೆಯ ಜಾಗ. ಒಪೊಲೆ ಊರಿನ ಹತ್ತಿರದ ಸಣ್ಣ ಹಳ್ಳಿ. ಅಲ್ಲಿ ಜುರಾಪಾರ್ಕ್ ಎಂಬ ಡೈನೋಸಾರ್ ಪಾರ್ಕ್ ಇದೆ. ಹೆಸರು ಕೇಳಿದ ಕೂಡಲೇ ನನ್ನ ಏಳು ವರ್ಷದ ಮಗ ಬ್ಯಾಗ್ ಕಟ್ಟಿಬಿಟ್ಟ.

ಒಪೊಲೆಗೆ ಒಂದು ರೈಲು, ಅಲ್ಲಿಂದ ಕ್ರಾಶೆಯೂಫ್‌ಗೆ ಇನ್ನೊಂದು ಲೋಕಲ್ ರೈಲು. ಸ್ಟೇಷನ್ನಿನಿಂದ ಸ್ವಲ್ಪ ನಡೆಯಬೇಕು. ಚಳಿಗಾಲದಲ್ಲಿ ಹೋಗಬೇಡಿ. ಬೇಸಿಗೆಯಲ್ಲೂ ತೆರೆದಿರುವ ದಿನ, ಹೊತ್ತು ಮೊದಲೇ ನೋಡಿಕೊಳ್ಳಿ.

ಒಳಗೆ ಹೋದರೆ ಮರಗಳ ನಡುವೆ ದೊಡ್ಡ ದೊಡ್ಡ ಡೈನೋಸಾರ್ ಬೊಂಬೆಗಳು. ಎಲ್ಲರೂ ಅಲ್ಲೇ ಫೋಟೋ ತೆಗೆಯುತ್ತಾ ಅರ್ಧ ದಿನ ಕಳೆಯುತ್ತಾರೆ. ನಾವೂ ಅದೇ ತಪ್ಪು ಮಾಡಿದೆವು. ಮೂಳೆಗಳಿರುವ ಕಟ್ಟಡಕ್ಕೆ ಬರುವಷ್ಟರಲ್ಲಿ ಮಗನಿಗೆ ಸುಸ್ತು, ಹೆಂಡತಿಗೆ ಕಾಲುನೋವು. ನೀವು ಮೊದಲು ಇಲ್ಲಿಗೇ ಬನ್ನಿ. ಬೊಂಬೆ ಎಲ್ಲಿ ಬೇಕಾದರೂ ಸಿಗುತ್ತವೆ, ಇದು ಸಿಗುವುದಿಲ್ಲ.

ಇದು ಮೊದಲು ಸಿಮೆಂಟ್ ಕಾರ್ಖಾನೆಗೆ ಜೇಡಿಮಣ್ಣು ತೆಗೆಯುತ್ತಿದ್ದ ಗುಂಡಿ. ಸುಮಾರು 23 ಕೋಟಿ ವರ್ಷ ಹಳೆಯ ಮಣ್ಣು. ಮೂಳೆಗಳು ಸಿಕ್ಕ ಜಾಗದ ಮೇಲೆಯೇ ಕಟ್ಟಡ ಕಟ್ಟಿದ್ದಾರೆ. ಇಲ್ಲಿನ ಹೀರೋ ಸೈಲಿಸಾರಸ್ ಒಪೊಲೆನ್ಸಿಸ್ ಎಂಬ ಪ್ರಾಣಿ. 2003ರಲ್ಲಿ ಯೆಜಿ ಜಿಕ್ ಎಂಬ ಪೋಲಿಷ್ ವಿಜ್ಞಾನಿ ಇಟ್ಟ ಹೆಸರು. ಉದ್ದ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ, ಅದರಲ್ಲೂ ಬಾಲದ್ದೇ ದೊಡ್ಡ ಪಾಲು. ಸಣಕಲು ಕಾಲು. ಕೆಳದವಡೆಯ ತುದಿಯಲ್ಲಿ ಹಲ್ಲೇ ಇಲ್ಲ, ಕೊಕ್ಕಿನ ಹಾಗಿದೆ.

"ಅಪ್ಪಾ, ಇದು ಡೈನೋಸಾರಾ?" ಅಂದ ಮಗ. ಅಲ್ಲ, ಆದರೆ ತುಂಬಾ ಹತ್ತಿರದ ನೆಂಟ ಅಂದೆ. ಬಹುತೇಕ ಡೈನೋಸಾರ್‌ಗಳಲ್ಲಿ ತೊಡೆ ಮೂಳೆ ಕೂರುವ ಸೊಂಟದ ಗುಳಿ ಪೂರಾ ತೂತಾಗಿರುತ್ತದೆ. ಇದರಲ್ಲಿ ಹಾಗಿಲ್ಲ. ಆದರೂ ಇದನ್ನು ಡೈನೋಸಾರ್‌ಗಳ ಗುಂಪಿಗೇ ಸೇರಿಸಬೇಕು ಅನ್ನುವ ವಿಜ್ಞಾನಿಗಳೂ ಇದ್ದಾರೆ.

ಸೊಪ್ಪು ತಿನ್ನುವ ಪ್ರಾಣಿ ಅಂತ ಮೊದಲು ಅಂದುಕೊಂಡಿದ್ದರು. ಆಮೇಲೆ ಇಲ್ಲಿ ಸಿಕ್ಕ ಕಲ್ಲಾದ ಲದ್ದಿಯನ್ನು ಎಕ್ಸ್-ರೇಯಲ್ಲಿ ನೋಡಿದರೆ, ಒಳಗೆ ಜೀರುಂಡೆಗಳು! ಆ ಲದ್ದಿ ಇದರದ್ದೇ ಇರಬೇಕು ಅನ್ನುತ್ತಾರೆ. ಒಂದು ಪುಟ್ಟ ಜೀರುಂಡೆ ಎಷ್ಟು ಚೆನ್ನಾಗಿ ಉಳಿದಿತ್ತೆಂದರೆ, 2021ರಲ್ಲಿ ಅದಕ್ಕೆ ಹೊಸ ಪ್ರಭೇದ ಅಂತ ಹೆಸರನ್ನೇ ಇಟ್ಟರು. ಮಗನಿಗೆ ಇಡೀ ಪ್ರವಾಸದಲ್ಲಿ ನೆನಪಿರುವುದು ಇದೊಂದೇ.

ನನಗೆ ಖುಷಿ ಕೊಟ್ಟದ್ದು ಬೇರೆ. ಇಲ್ಲಿ ಸಿಕ್ಕಿರುವ ಮೊಸಳೆಯಂಥ ಪ್ಯಾರಾಸುಕಸ್‌ನ ಜಾತಿಯದೇ ಪ್ರಾಣಿ ನಮ್ಮ ಪಕ್ಕದ ತೆಲಂಗಾಣದಲ್ಲಿ, ಗೋದಾವರಿ ಕಣಿವೆಯ ಮಾಲೇರಿ ಬಂಡೆಗಳಲ್ಲೂ ಸಿಕ್ಕಿದೆ. ಆಗ ಖಂಡಗಳೆಲ್ಲ ಅಂಟಿಕೊಂಡಿದ್ದವು, ವೀಸಾ ಬೇಕಿರಲಿಲ್ಲ ಅಲ್ವಾ!

ಊಟದ ವಿಷಯ. ಸಸ್ಯಾಹಾರಿಗಳು ಆಲೂಗಡ್ಡೆ, ಪನೀರಿನಂಥ ಗಿಣ್ಣು ತುಂಬಿದ ಪಿಯೆರೋಗಿ ಕೇಳಿ. ನಮ್ಮ ಕಡುಬಿನ ಹಾಗಿರುತ್ತದೆ. ಆದರೆ ಮೇಲೆ ಹುರಿದ ಹಂದಿ ಕೊಬ್ಬಿನ ಚೂರು ಉದುರಿಸಿ ಕೊಡುವುದುಂಟು. "ಬೆಸ್ ಮ್ಯೆಂಸಾ", ಅಂದರೆ ಮಾಂಸ ಬೇಡ, ಅಂತ ಮೊದಲೇ ಹೇಳಿಬಿಡಿ. ನಾವು ಸುಮ್ನೆ ಯಾಕೆ ತಲೆನೋವು ಅಂತ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು.

ವಾಪಸ್ ರೈಲಿನ ಹೊತ್ತನ್ನು ಬೆಳಗ್ಗೆಯೇ ಬರೆದಿಟ್ಟುಕೊಳ್ಳಿ. ಭಾನುವಾರದ ವೇಳಾಪಟ್ಟಿ ಬೇರೆ ಇರುತ್ತದೆ. ನಾನು ನೋಡಿರಲಿಲ್ಲ. ಉಳಿದ ಚಿತ್ರಾನ್ನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಖಾಲಿಯಾಯಿತು.