ಖಾಲಿ ಕೊಡದ ತೂಕ

ಒಂಬತ್ತನೇ ಕ್ಲಾಸಿನಲ್ಲಿ ನನಗೆ ಉಳಿದ ಲೆಕ್ಕವೆಲ್ಲ ಬರುತ್ತಿತ್ತು, ಗ್ರಾಫ್ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ‘ವೈ ಸಮ ಎಂಎಕ್ಸ್ ಪ್ಲಸ್ ಸಿ’ ಬಾಯಿಪಾಠವಿತ್ತು. ಎಂ ಅಂದರೆ ಗೆರೆಯ ಏರು, ಸಿ ಅಂದರೆ ವೈ-ಇಂಟರ್‌ಸೆಪ್ಟ್, ಅಂದರೆ ಗೆರೆ ವೈ ಅಕ್ಷವನ್ನು ಮುಟ್ಟುವ ಜಾಗ. ಆದರೆ ಆ ಸಿ ಎಲ್ಲಿಂದ ಬಂತು, ಯಾಕೆ ಬೇಕು ಅನ್ನೋದು ಗೊತ್ತಿರಲಿಲ್ಲ.

ಒಂದು ದಿನ ನಮ್ಮ ಗಣಿತದ ಸರ್ ಹಿತ್ತಾಳೆ ಕೊಡ, ಲೀಟರ್ ಮಾಪು, ಕೊಕ್ಕೆ ತಕ್ಕಡಿ ತಂದರು. ಕೊಡದ ಕೊರಳಿಗೆ ಹಗ್ಗ ಬಿಗಿದು ವರಾಂಡದಲ್ಲಿ ತೂಗುಹಾಕಿದರು. ಒಂದು ಲೀಟರ್ ನೀರು ಹಾಕಿದಾಗ ಮುಳ್ಳು 3 ಕಿಲೋ ತೋರಿಸಿತು. ಎರಡಕ್ಕೆ 4, ಮೂರಕ್ಕೆ 5. ಅಡ್ಡ ಎಕ್ಸ್ ಅಕ್ಷದಲ್ಲಿ ಲೀಟರ್, ನೆಟ್ಟಗಿನ ವೈ ಅಕ್ಷದಲ್ಲಿ ಕಿಲೋ ಅಂತ ಹಾಳೆಯಲ್ಲಿ ಮೂರು ಚುಕ್ಕೆ ಇಟ್ಟೆ. ಗೆರೆ ಅಂದಮೇಲೆ ಎರಡೂ ಅಕ್ಷ ಸೇರುವ ಸೊನ್ನೆಯಿಂದಲೇ, ಅಂದರೆ ಮೂಲಬಿಂದುವಿನಿಂದಲೇ ಹೊರಡಬೇಕು ಅಂದುಕೊಂಡಿದ್ದೆ. ಅಲ್ಲಿಂದ ಮೊದಲ ಚುಕ್ಕೆಗೆ ಸ್ಕೇಲ್ ಇಟ್ಟರೆ ಉಳಿದೆರಡು ಹೊರಗೇ ಉಳಿದವು. ಅತ್ತ ಸರಿಸಿದೆ, ಇತ್ತ ಸರಿಸಿದೆ.

ಸರ್ ಹಿಂದೆ ಬಂದು ನಿಂತರು. “ಯಾಕ ತಮ್ಮಾ, ಖಾಲಿ ಕೊಡಕ್ಕ ತೂಕಾನೇ ಇಲ್ಲೇನು?”

ಮೂರೂ ಚುಕ್ಕೆ ಸೇರಿಸಿ ಗೆರೆಯನ್ನು ಹಿಂದಕ್ಕೆ ಎಳೆದೆ. ವೈ ಅಕ್ಷವನ್ನು ಅದು ಸರಿಯಾಗಿ 2ರಲ್ಲಿ ಮುಟ್ಟಿತು. ಸರ್ ನೀರನ್ನೆಲ್ಲ ಬೇವಿನ ಗಿಡದ ಬುಡಕ್ಕೆ ಸುರಿದು ಕೊಡವನ್ನು ಮತ್ತೆ ತೂಗಿದರು. ಎರಡೇ ಕಿಲೋ! ತೂಗುವ ಮೊದಲೇ ಗೆರೆ ಅದನ್ನು ಹೇಳಿತ್ತು. ನನಗೆ ಮೈ ಜುಮ್ಮೆಂದಿತು.

“2 ಲೀಟರಿಗೆ 4 ಕಿಲೋ ಬಂತು. 4 ಲೀಟರಿಗೆ?”

“8 ರೀ ಸರ್!” ಇಡೀ ಕ್ಲಾಸು ಕೂಗಿತು.

ಹಾಕಿ ನೋಡಿದರೆ 6. ನೀರು ಎರಡರಷ್ಟಾಯಿತು, ಕೊಡ ಒಂದೇ ಅಲ್ವಾ? ಇಂಟರ್‌ಸೆಪ್ಟ್ ಸೊನ್ನೆ ಇಲ್ಲದಿದ್ದರೆ ಒಂದು ದುಪ್ಪಟ್ಟಾದಾಗ ಇನ್ನೊಂದೂ ದುಪ್ಪಟ್ಟಾಗೋದಿಲ್ಲ. ಈ ತಪ್ಪನ್ನು ದೊಡ್ಡವರೂ ಜಾಸ್ತಿ ಮಾಡುತ್ತಾರೆ. ನಮ್ಮ ಕಲಬುರಗಿ ಬಿಸಿಲಿನ ಲೆಕ್ಕವೂ ಹಾಗೇ. ಸೊನ್ನೆ ಸೆಲ್ಸಿಯಸ್ ಅಂದರೆ 32 ಫ್ಯಾರನ್‌ಹೀಟ್. ಅಲ್ಲಿಂದ ಮುಂದೆ ಪ್ರತಿ ಡಿಗ್ರಿಗೆ 1.8 ಏರಬೇಕು. 20ಕ್ಕೆ 68, ಆದರೆ 40ಕ್ಕೆ 104.

ತೊಗರಿಯ ಕಣಜ ಅನ್ನಿಸಿಕೊಂಡ ಈ ಊರಲ್ಲಿ ನಾನೀಗ ದಾಲ್ ಮಿಲ್ಲಿನ ಲೆಕ್ಕ ಬರೆಯುತ್ತೇನೆ. ಲಾರಿ ಮೊದಲು ಖಾಲಿಯಾಗಿ ಕಾಟಾ ಹತ್ತುತ್ತದೆ, ಆಮೇಲೆ ಮಾಲು ತುಂಬಿ. ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗ, “ಎರಡೆರಡು ಸಲ ಯಾಕ್ರೀ ಅಣ್ಣಾ?” ಅಂದ. ತೂಕದ ಚೀಟಿ ತಿರುವಿ ಎರಡು ಅಕ್ಷ ಹಾಕಿದೆ. ಪೆನ್ನನ್ನು ಮೂಲಬಿಂದುವಿನಲ್ಲಿ ಇಡಲಿಲ್ಲ. ಸ್ವಲ್ಪ ಮೇಲೆ, ಖಾಲಿ ಲಾರಿಯ ತೂಕ ಇರುವಲ್ಲಿ ಇಟ್ಟು ಗೆರೆ ಎಳೆದೆ.