ತೀರಿದ ಕಥೆಯನ್ನು ಮತ್ತೆ ತೆರೆಯುವ ಕಷ್ಟ

ಸೀಕ್ವೆಲ್ ಸೋತಾಗಲೆಲ್ಲ ‘ದುಡ್ಡಿನಾಸೆಗೆ ಮಾಡಿದ್ದು’ ಎಂದು ಷರಾ ಬರೆದು ಮುಗಿಸುತ್ತೇವೆ. ಮೊದಲ ಭಾಗಕ್ಕೆ ಬಂಡವಾಳ ಹಾಕಿದವರೂ ಲಾಭ ನೋಡಿಯೇ ಹಾಕಿದ್ದರು. ಸೋಲಿನ ಬೇರು ಚಿತ್ರಕಥೆಯಲ್ಲಿದೆ.

ಒಳ್ಳೆಯ ಸಿನಿಮಾದ ನಾಯಕನಿಗೆ ಒಂದು ಕೊರತೆ ಇರುತ್ತದೆ. ಹೆದರಿಕೆಯೋ, ಒಂಟಿತನವೋ, ತೀರದ ಪಾಪಪ್ರಜ್ಞೆಯೋ. ಕ್ಲೈಮ್ಯಾಕ್ಸ್ ಹೊತ್ತಿಗೆ ಅದು ತುಂಬುತ್ತದೆ, ಇಲ್ಲವೇ ಅವನನ್ನೇ ನುಂಗುತ್ತದೆ. ಮೊದಲ ಭಾಗ ಎಷ್ಟು ಚೆನ್ನಾಗಿ ಮುಗಿದಿದೆಯೋ, ಎರಡನೆಯದಕ್ಕೆ ಅಷ್ಟು ಕಡಿಮೆ ಸರಕು ಉಳಿದಿರುತ್ತದೆ. ಆಗ ನಾಯಕನನ್ನು ಹೊರಟ ಜಾಗಕ್ಕೇ ವಾಪಸ್ ತಂದು ನಿಲ್ಲಿಸುತ್ತಾರೆ. ಒಂದಾದ ಜೋಡಿಯನ್ನು ಮೊದಲ ಹತ್ತು ನಿಮಿಷದಲ್ಲೇ ಬೇರೆ ಮಾಡುತ್ತಾರೆ, ಕುಡಿತ ಬಿಟ್ಟವನ ಕೈಗೆ ಮತ್ತೆ ಬಾಟಲಿ ಕೊಡುತ್ತಾರೆ. ಪ್ರೇಕ್ಷಕರಿಗೆ ಇದು ನಂಬಿಕೆದ್ರೋಹದಂತೆ ತಾಕುತ್ತದೆ. ಹಿಂದಿನ ಸಲ ಅವರು ಅತ್ತದ್ದೆಲ್ಲ ಲೆಕ್ಕಕ್ಕೇ ಇಲ್ಲದಂತಾಯಿತಲ್ಲ.

ಇನ್ನೊಂದು ತಪ್ಪು, ಗಾತ್ರ ಹೆಚ್ಚಿಸಿದರೆ ಬಿಗಿಯೂ ಹೆಚ್ಚುತ್ತದೆ ಎಂದುಕೊಳ್ಳುವುದು. 1994ರ ‘ಸ್ಪೀಡ್’ ನಿಂತಿರುವುದು ಒಂದೇ ನಿಯಮದ ಮೇಲೆ: ಬಸ್ಸಿನ ವೇಗ ಗಂಟೆಗೆ 50 ಮೈಲಿಗಿಂತ ಇಳಿದರೆ ಬಾಂಬ್ ಸಿಡಿಯುತ್ತದೆ. ತಿರುವು, ಸಿಗ್ನಲ್, ರಸ್ತೆ ದಾಟುವ ಜನ, ಎಲ್ಲವೂ ತಾನಾಗಿಯೇ ಅಪಾಯವಾಗುತ್ತವೆ. 1997ರ ಎರಡನೇ ಭಾಗಕ್ಕೂ ಅದೇ ನಿರ್ದೇಶಕರು, ಖರ್ಚು ಮೂರು ಪಟ್ಟಿಗೂ ಹೆಚ್ಚು. ಆದರೆ ಬಸ್ಸಿನ ಬದಲು ದೊಡ್ಡ ಪ್ರವಾಸಿ ಹಡಗು. ಬಯಲು ಸಮುದ್ರದಲ್ಲಿ ಹಡಗಿಗೆ ಅಡ್ಡ ಬರುವುದೇ ಅಪರೂಪ, ಅದರ ವೇಗವೂ ಕಣ್ಣಿಗೆ ತಾಕುವುದಿಲ್ಲ. ಆ ಒಂದು ಸಾಲಿನ ನಿಯಮ ಹೋಯಿತು, ಅದರ ಜೊತೆಗೆ ಸಿನಿಮಾವೂ.

ಗೊತ್ತಿಲ್ಲದಿರುವುದರ ಬಲ ಎರಡನೇ ಸಲ ಸಿಗುವುದಿಲ್ಲ. 1975ರ ‘ಜಾಸ್’ ಚಿತ್ರೀಕರಣದಲ್ಲಿ ಯಂತ್ರದ ಶಾರ್ಕ್ ಉಪ್ಪುನೀರಿಗೆ ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಹಾಗಾಗಿ ಒಂದು ಗಂಟೆಯಾದರೂ ಅದು ಸರಿಯಾಗಿ ಕಾಣುವುದಿಲ್ಲ. ನೀರು, ಸಂಗೀತ ಸೇರಿ ಹೆದರಿಸುತ್ತವೆ. 1978ರಲ್ಲಿ ಎರಡನೇ ಭಾಗ ಬರುವ ಹೊತ್ತಿಗೆ ಶಾರ್ಕಿನ ಮುಖ ಎಲ್ಲರಿಗೂ ಪರಿಚಿತ.

ಸಮಯದ ಮಾತೂ ಇದೆ. ಮೊದಲ ಚಿತ್ರಕಥೆಯನ್ನು ವರ್ಷಗಟ್ಟಲೆ ತಿದ್ದಿರುತ್ತಾರೆ, ಸೀಕ್ವೆಲ್‌ಗೆ ಎಷ್ಟೋ ಸಲ ರಿಲೀಸ್ ದಿನಾಂಕವೇ ಮೊದಲು ಗೊತ್ತಾಗುತ್ತದೆ. ಹೋಲಿಕೆಯಲ್ಲೇ ಒಂದು ಓರೆಯೂ ಇದೆ: ಸೀಕ್ವೆಲ್ ಬರುವುದು ಸಾಮಾನ್ಯವಾಗಿ ಗೆದ್ದ ಸಿನಿಮಾಕ್ಕೆ ಮಾತ್ರ. ಕಥೆ, ನಟರು, ಕಾಲ ಎಲ್ಲ ಕೂಡಿಬಂದ ಗಳಿಗೆ ಅದು. ಅದೇ ತಂಡದ ಮುಂದಿನ ಕೆಲಸ ಸ್ವಲ್ಪ ಇಳಿಯುವುದು ಸಹಜ, ಯಾರೂ ತಪ್ಪು ಮಾಡದಿದ್ದರೂ.

ಗೆದ್ದವರು ಮಾಡಿದ್ದೇನು? ‘ಗಾಡ್‌ಫಾದರ್’ ಎರಡನೇ ಭಾಗಕ್ಕೆ ಮೂಲ ಕಾದಂಬರಿಯಲ್ಲಿ ಬಳಸದೇ ಉಳಿದಿದ್ದ ಸರಕು ಸಿಕ್ಕಿತು, ನಾಯಕ ಮೈಕಲ್‌ನ ಅಪ್ಪನ ಯೌವನದ ಕಥೆ. ನನಗೆ ಹೆಚ್ಚು ಕಲಿಸುವುದು 1986ರ ‘ಏಲಿಯನ್ಸ್’, ‘ಏಲಿಯನ್’ ಚಿತ್ರದ ಎರಡನೇ ಭಾಗ. ಅಲ್ಲೂ ಒಂದು ಪ್ರಾಣಿಯ ಜಾಗದಲ್ಲಿ ಹಿಂಡೇ ಬಂದಿದೆ, ಹಾರರ್ ಹೋಗಿ ಯುದ್ಧದ ಸಿನಿಮಾ ಆಗಿದೆ. ಆದರೆ ನಾಯಕಿ ರಿಪ್ಲಿಗೆ ಹೊಸ ಕೊರತೆ ಹುಟ್ಟಿದೆ. 57 ವರ್ಷ ನಿದ್ದೆಯಲ್ಲಿ ಕಳೆದು ಎದ್ದವಳಿಗೆ ತನ್ನ ಮಗಳು ಮುದುಕಿಯಾಗಿ ತೀರಿಕೊಂಡ ಸುದ್ದಿ ಸಿಗುತ್ತದೆ. ಆಮೇಲೆ ಸಿಗುವ ಅನಾಥ ಹುಡುಗಿಯನ್ನು ಅವಳು ಯಾಕೆ ಬಿಟ್ಟುಹೋಗಲಾರಳು ಎಂದು ಯಾರೂ ವಿವರಿಸಬೇಕಿಲ್ಲ. ಥಿಯೇಟರಿಗೆ ಬಂದ ಪ್ರತಿಯಲ್ಲಿ ಮಗಳ ಆ ದೃಶ್ಯವನ್ನು ಕತ್ತರಿಸಿದ್ದರು. ಬರವಣಿಗೆಯಲ್ಲಿ ಅದು ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ದೃಶ್ಯವಿಲ್ಲದೆಯೂ ಅದರ ನೋವು ಹುಡುಗಿಯ ಕೈ ಹಿಡಿಯುವ ರಿಪ್ಲಿಯಲ್ಲಿ ಕಾಣುತ್ತದೆ.